ಹದಿನೆಂಟು ವರ್ಷದ ಹೊಕ್ಕುಳಬಳ್ಳಿ

ನಗಬೇಡಿ. ಶರ್ಮಿಳಾ ನನ್ನ ದೊಡ್ಡಮ್ಮನ ಮಗಳು, ಸುಳ್ಳು ಹೇಳುವ ಪೈಕಿ ಅಲ್ಲ.

೨೦೧೮ರ ಮಾತು. ರಬಾಳೆಯ ಲ್ಯಾಬಿನಿಂದ ಹೊರಟು ಕೋಪರಖೈರಣೆಯ ಹಳೇ ಬಾವಿ ದಾಟಿ ಮನೆಗೆ ಬರುತ್ತಿದ್ದಳು. ಕತ್ತಲಾಗಿತ್ತು. ನಾಳೆ ಕೆಲಸ ಹೋಗುವುದು ಖಂಡಿತ ಎಂದು ದಾರಿಯುದ್ದಕ್ಕೂ ಅಳು.

ಅವಳ ಕೆಲಸ ಇಷ್ಟೇ. ಜೀವಂತ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸಿ, ಒಂದು ಎಷ್ಟು ಬೇಗ ಎರಡಾಗುತ್ತದೆ ಎಂದು ದಿನಾ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುವುದು. ಹಸುಗೂಸಿನ ಕೋಶ ಬೇಗ ಬೇಗ ಹೆಚ್ಚುತ್ತದೆ, ದೊಡ್ಡವರದ್ದು ನಿಧಾನ. ಹೆಪ್ಪುಗಟ್ಟಿಸಿ ಇಟ್ಟರೆ ವಯಸ್ಸೇ ಆಗುವುದಿಲ್ಲ. ಹದಿನೆಂಟು ವರ್ಷದ ಹಿಂದೆ, ಲ್ಯಾಬ್ ಶುರುವಾದಾಗ, ಒಂದು ಕೂಸಿನ ಹೊಕ್ಕುಳಬಳ್ಳಿಯ ಕೋಶಗಳನ್ನು ಎರಡು ಟ್ಯೂಬಿನಲ್ಲಿ ಹಾಗೆ ಇಟ್ಟಿದ್ದರು. ಹೆಸರಿಲ್ಲ, ಬರೀ ನಂಬರು. ಹಳೇ ಸ್ಟಾಕ್ ಪರೀಕ್ಷೆಗೆಂದು ಶರ್ಮಿಳಾ ಒಂದನ್ನು ಕರಗಿಸಿ ಬೆಳೆಸಿದಳು. ಅವು ನಿಧಾನಕ್ಕೆ ಹೆಚ್ಚಿದವು... ಪ್ರಾಯಕ್ಕೆ ಬಂದ ಹುಡುಗಿಯ ಕೋಶಗಳ ಹಾಗೆ.

ಆ ಸಂಜೆ ಬಾಸ್ ವಸಂತಕುಮಾರ್, ನಮ್ಮ ಹಾಗೇ ಕಾಪು ಕಡೆಯವರು, ಕೆಂಡವಾದರು.

“ಏನಿದು ಲಫಡಾ? ಟ್ಯೂಬ್ ಒಡೆದು ಹಾಕಿ, ಬೇರೆ ಯಾರದ್ದೋ ಇಟ್ಟಿದ್ದೀಯಲ್ಲ? ನಾಳೆ ನಿಜ ಹೇಳು. ಇಲ್ಲದಿದ್ರೆ ಬರ್ಲೇಬೇಡ.”

ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಸದ್ದು. ಕಿಣಿ... ಕಿಣಿ... ಗಾಜಿನ ಬಳೆ. ಇವಳು ನಿಂತರೆ ಅದೂ ನಿಲ್ಲುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆಂದು ತಿರುಗಿದಳು. ಯಾರೂ ಇಲ್ಲ. ಆಮೇಲೆ ಕಿವಿಯ ಪಕ್ಕದಲ್ಲೇ, ಎಳೇ ಹೆಣ್ಣುದನಿ...

“ಅಪ್ಪನಿಗೆ ಹೇಳಿ... ಅದು ನಾನೇ.”

ಬೆಳಗ್ಗೆ ಬಾಸ್ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ಯಾರ ಅಪ್ಪ ಅಂತ ನಂಗೆ ಗೊತ್ತಿಲ್ಲ ಸರ್.”

ಅವರು ಎದ್ದು ಬಾಗಿಲು ಹಾಕಿದರು. “ನಿಂಗೆ ಯಾರು ಹೇಳಿಕೊಟ್ಟದ್ದು? ಪುಷ್ಪಾವತಿಯಾ?”

ಪುಷ್ಪಾವತಿ ಅವರ ಹೆಂಡತಿ. ಶರ್ಮಿಳಾ ಆಕೆಯ ಮುಖವನ್ನೂ ಕಂಡವಳಲ್ಲ.

ಆಗ ಹೊರಬಿತ್ತು. ಆ ಕೂಸು ಅವರದ್ದೇ. ಹೊಸ ಲ್ಯಾಬಿಗೆ ಯಾರೂ ಸ್ಯಾಂಪಲ್ ಕೊಡುತ್ತಿರಲಿಲ್ಲ ಎಂದು ತನ್ನ ಮಗಳ ಹೊಕ್ಕುಳಬಳ್ಳಿಯನ್ನೇ ತಂದಿದ್ದರು. ಮಗಳು ಆ ವಾರವೇ ತೀರಿಹೋದಳು. ಅದನ್ನು ಎಸೆಯಲು ಇವರಿಗೆ ಮನಸ್ಸು ಬರಲಿಲ್ಲ.

ನಮ್ಮ ಊರ ಕಡೆ, ಸತ್ತ ಮಕ್ಕಳೂ ಆಚೆ ಲೋಕದಲ್ಲಿ ಬೆಳೆಯುತ್ತಾರೆ ಅಂತ ನಂಬಿಕೆ. ಪ್ರಾಯವಾದಾಗ, ಅವರ ಹಾಗೇ ತೀರಿಕೊಂಡ ಗಂಡನ್ನೋ ಹೆಣ್ಣನ್ನೋ ಹುಡುಕಿ ಪ್ರೇತ ಮದುವೆ ಮಾಡುತ್ತಾರೆ. ಮಗಳಿಗೂ ಮಾಡೋಣ ಎಂದು ಪುಷ್ಪಾವತಿ ಕೇಳುತ್ತಲೇ ಇದ್ದರಂತೆ. ಮೂಢನಂಬಿಕೆ ಎಂದು ಇವರು ಬಾಯಿ ಮುಚ್ಚಿಸಿದ್ದರು.

ಆಗಲೂ ಸಂಶಯ ಬಿಡಲಿಲ್ಲ ಮನುಷ್ಯ. ಉಳಿದಿದ್ದ ಇನ್ನೊಂದು ಟ್ಯೂಬನ್ನು ತಾನೇ ಕರಗಿಸಿದರು. ಬೀಗದ ಕೀ ತನ್ನ ಕಿಸೆಯಲ್ಲಿ. ಶರ್ಮಿಳಾ ಹೊರಗೆ. ತಾನೇ ಬೆಳೆಸಿ ತಾನೇ ಎಣಿಸಿದರು. ಅದೇ ನಿಧಾನ... ಮತ್ತೆ ಎಣಿಸಿದರು. ಆಮೇಲೆ ಅವಳನ್ನು ಒಳಗೆ ಕರೆದು, ಅವಳ ಎದುರೇ ಹೆಂಡತಿಗೆ ಫೋನ್ ಮಾಡಿದರು.

“ಪುಷ್ಪಾ... ಗಂಡು ನೋಡು.”

ಅಷ್ಟು ಹೇಳಿ ಅತ್ತುಬಿಟ್ಟರು, ಪಾಪ.

ಮದುವೆ ಕಾಪುವಿನಲ್ಲಿ ಆಯಿತು. ಅದೇ ಸಂಜೆ ಇಲ್ಲಿ ರಬಾಳೆಯಲ್ಲಿ ಶರ್ಮಿಳಾ ಆ ಕೋಶಗಳ ಎರಡೂ ಬಾಟಲಿ ತೆಗೆದು ನೋಡಿದಳು. ಕೋಶ ಸತ್ತರೂ ತಳದಲ್ಲಿ ಬಿದ್ದಿರಬೇಕು. ಅದೂ ಇಲ್ಲ... ಒಂದೂ ಇಲ್ಲ. ನಾನು ಕಟ್ಟಿ ಹೇಳುತ್ತಿಲ್ಲ, ಅವಳು ಇವತ್ತಿಗೂ ಅಲ್ಲೇ ಕೆಲಸದಲ್ಲಿದ್ದಾಳೆ, ಹೋಗಿ ಕೇಳಿ. ಬಾಟಲಿಗಳ ಮುಚ್ಚಳ ಬಿಗಿಯಾಗಿಯೇ ಇತ್ತು.