ಮೂರು ಬೆರಳು

ನಗೋದಾದ್ರೆ ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ಮಧ್ಯದಲ್ಲಿ ಹಲ್ಲು ಕಿಸಿದ್ರೆ ನಾನು ಸುಮ್ನಿರೋಳಲ್ಲ. ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ತಾಯಿಯಿಲ್ಲದ ಕೂಸು, ನಮ್ಮನೇಲೇ ನನ್ನ ಕೈತುತ್ತು ತಿಂದು ಬೆಳೆದವನು.

ರಾತ್ರಿ ಹನ್ನೊಂದು ದಾಟಿತ್ತು. ಆಸ್ಪತ್ರೆಯಿಂದ ನಡ್ಕೊಂಡು ಬರ್ತಿದ್ದ. ಆಸ್ಪತ್ರೆ ಬಟ್ಟೆ ಒಗೆಯೋ ಕಟ್ಟಡದ ಹಿಂದೆ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ಬಂದಾಗ… ಒಳಗಿಂದ ಟಿಂಕ್ ಅಂತು. ನೀರು ತೊಟ್ಟಿಕ್ಕೋ ಸದ್ದಲ್ಲ. ಟಿಂಕ್… ಟಿಂಕ್… ಒಂದಕ್ಕಿಂತ ಒಂದು ತಗ್ಗಿದ ಸ್ವರ. ಅವನ ಕಾಲು ನಿಂತಲ್ಲೇ ನಿಂತುಬಿಡ್ತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಡೀರಿ, ಹೇಳ್ತೀನಿ. ಅವನು ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರಿಗೆ ಸಹಾಯಕ. ರೋಗಿಯ ಬೆರಳಿಗೆ ಒಂದು ಕ್ಲಿಪ್ ಹಾಕ್ತಾರೆ. ರಕ್ತದಲ್ಲಿ ಆಕ್ಸಿಜನ್ ಇರೋವರೆಗೆ ಮಷೀನು ಎತ್ತರದ ದನೀಲಿ ಟಿಂಕ್ ಅನ್ನುತ್ತೆ. ಆಕ್ಸಿಜನ್ ಇಳಿದ ಹಾಗೆ ಸ್ವರಾನೂ ಇಳಿಯುತ್ತೆ. ಅವತ್ತು ಬೆಳಗ್ಗೆ ಆ ಸ್ವರ ಇಳೀತಾ ಇಳೀತಾ ಹೋಗಿದ್ದನ್ನ ಅವನು ಪಕ್ಕದಲ್ಲೇ ನಿಂತು ಕೇಳಿದ್ದ.

ಹೊಲಿಗೆ ಕೆಲಸದ ಹೆಂಗಸು. ಪಿತ್ತಕೋಶದಲ್ಲಿ ಕಲ್ಲು. ಹಿಂದಿನ ಸಂಜೆ ಒಬ್ಬೊಬ್ಬ ರೋಗಿಯ ಹತ್ರಾನೂ ಹೋಗಿ ಬಾಯಿ ತೆಗೆಸಿ ನೋಡೋದು ಇವನ ಕೆಲಸ. ಅವರದೇ ಮೂರು ಬೆರಳು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹಿಡಿಸಬೇಕು. ಹಿಡಿಸದಿದ್ರೆ ಡಾಕ್ಟರು ರೋಗಿಗೆ ಎಚ್ಚರ ಇರುವಾಗಲೇ ಉಸಿರಿನ ಕೊಳವೆ ಇಳಿಸ್ತಾರೆ. ಯಾಕಂದ್ರೆ ಮದ್ದು ಕೊಟ್ಟಮೇಲೆ ರೋಗಿ ತಾನಾಗಿ ಉಸಿರಾಡಲ್ಲ. ಆಮೇಲೆ ಕೊಳವೆ ಹೋಗದಿದ್ರೆ ಕತೆ ಮುಗೀತು.

ಆ ಹೆಂಗಸು ಕಂದು ಶಾಲು ಮುಖಕ್ಕೆಲ್ಲ ಸುತ್ತಿಕೊಂಡು ಮಲಗಿದ್ಲಂತೆ. ಇವನಿಗೆ ಡ್ಯೂಟಿ ಮುಗಿಯೋ ಹೊತ್ತು. ಬಾಗಿಲಲ್ಲೇ ನಿಂತು ಹಾಳೆ ಮೇಲೆ ‘ಮೂರು ಬೆರಳು’ ಅಂತ ಗೀಚಿದ. ಪಕ್ಕದಲ್ಲಿದ್ದ ಮಗಳು ಅಮ್ಮನ ಬಾಯಿ ಪೂರ್ತಿ ತೆಗೆಯೋಕಾಗಲ್ಲ ಅಂತ ಹೇಳೋಕೆ ಬಂದ್ಲು. ಆಯ್ತಾಯ್ತು ಅಂತ ಕೈ ಬೀಸಿ ಹೊರಟೇಬಿಟ್ಟ, ಮಹಾರಾಯ.

ಬೆಳಗ್ಗೆ ಡಾಕ್ಟರು ಹಾಳೆ ನಂಬಿದ್ರು. ಮದ್ದು ಹೋಯ್ತು, ಉಸಿರು ನಿಂತ್ಹೋಯ್ತು. ಬಾಯಿ ತೆಗೀತಾರೆ, ಒಂದೇ ಬೆರಳಿನಷ್ಟು ಸಂದು. ಮಾಸ್ಕ್ ಒತ್ತಿದ್ರೆ ಗಾಳಿ ಒಳಗೆ ಹೋಗದೆ ಕೆನ್ನೆ ಪಕ್ಕದಿಂದ ಬುಸ್ ಅಂತ ಆಚೆ ಬರ್ತಿತ್ತು. ನರ್ಸು ಬ್ಲೇಡು ಬಿಚ್ಚಿ ಹಿಡಿದು, ಸಾರ್, ಇನ್ನು ಗಂಟಲಲ್ಲೇ ದಾರಿ ಮಾಡಿ ಅಂದ್ಲಂತೆ. ಇನ್ನೊಂದೇ ಸಲ ನೋಡ್ತೀನಿ ಅಂದ್ರಂತೆ ಡಾಕ್ಟರು. ಹಾಗೆ ಐದು ಸಲ ಅಂದ್ರು. ಕೊನೆಗೆ ಕೊಯ್ಯೋ ಹೊತ್ತಿಗೆ ಮಷೀನಿನ ಸದ್ದೇ ನಿಂತಿತ್ತು.

ಇಷ್ಟಾದಮೇಲಾದ್ರೂ ನಮ್ಮೋನು ತಪ್ಪು ಒಪ್ಪಿಕೊಂಡ್ನಾ? ಹೊರಗೆ ಬಂದು ಆ ಮಗಳ ಮೇಲೇ ಹರಿಹಾಯ್ದ.

“ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ನಿಮ್ಮಮ್ಮ ಉಳೀತಿದ್ರು.”

ಆ ಹುಡುಗಿ ಅಳಲೂ ಇಲ್ವಂತೆ. ತಾನು ಹೇಳಿದ್ನೋ ಇಲ್ವೋ ಅಂತ ತನಗೇ ಅನುಮಾನ ಬಂದೋರ ಹಾಗೆ ಇವನ ಮುಖ ನೋಡ್ತಾ ನಿಂತಿದ್ಲಂತೆ. ಇದನ್ನ ಅವನೇ ನನಗೆ ಹೇಳಿದ್ದು. ಕಪಾಳಕ್ಕೆ ಬಾರಿಸಬೇಕು ಅನ್ನಿಸ್ತು. ಬಾರಿಸಲಿಲ್ಲ, ಸಾಕಿದ ಕೈ ನೋಡಿ.

ಈಗ ಬಾವಿಗೆ ಬನ್ನಿ. ಟಿಂಕ್ ನಿಂತ್ಹೋಯ್ತು. ಕಿವಿಯ ಹಿಂದೆ ಪಿಸುದನಿ…

“ಬಾಯಿ ತೆಗೀರಿ.”

ಇವನು ತೆಗೀಬೇಕು ಅಂದ್ಕೊಳ್ಳಲಿಲ್ಲ. ದವಡೆ ತಾನಾಗೇ ಇಳೀತು. ತಣ್ಣಗಿನ ಬೆರಳು ಒಳಗೆ ಬಂದ್ವು… ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಒಂದು… ಎರಡು… ಮೂರು. ಆಮೇಲೆ ಹಿಂದಕ್ಕೆ ಹೋದ್ವು. ದವಡೆ ಕಟಕ್ ಅಂತು.

ಅವತ್ತಿನಿಂದ ಅವನ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೀಲಿಲ್ಲ. ಎಕ್ಸ್‌ರೇಲಿ ಏನೂ ಇಲ್ಲ. ಎರಡು ವರ್ಷ ಮಗುವಿನ ಚಮಚದಲ್ಲಿ ಗಂಜಿ ಕುಡಿಸಿದೀನಿ, ಈ ಕೈಯಲ್ಲಿ.

ಹೋದ ವರ್ಷ ನಾವಿಬ್ರೂ ಬೇರೆ ಊರಿಗೆ ಹೋಗಿದ್ದಾಗ ಅವನಿಗೆ ಕರುಳು ತಿರುಚಿಕೊಂಡ್ತು. ಅಲ್ಲಿನ ಆಸ್ಪತ್ರೆಗೆ ಸೇರಿಸಿದೆ. ತಕ್ಷಣ ಆಪರೇಷನ್ ಆಗಬೇಕು ಅಂದ್ರು. ನೋವಿಗೆ ಇಂಜೆಕ್ಷನ್ ಕೊಟ್ರೆ ಮಂಪರು ಹತ್ತುತ್ತೆ ಅಂತ ಅವನಿಗೆ ಗೊತ್ತು. ಅದಕ್ಕೆ ಮುಂಚೆ ನನ್ನ ಕೈ ಹಿಡ್ಕೊಂಡ.

“ಅಕ್ಕಾ… ನನ್ನ ಬಾಯಿ ವಿಷಯ ನೀನು ಹೇಳ್ಬೇಕು. ಮರೀಬೇಡ.”

ಸ್ವಲ್ಪ ಹೊತ್ತಿಗೆ ಒಬ್ಬಳು ಹಾಳೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಲು. ಮೂಗಿನವರೆಗೂ ಶಾಲು. ಎಸಿ ಚಳಿ ಇರ್ಬೇಕು ಅಂದ್ಕೊಂಡೆ. ಇವನ ಬಾಯಿ ಒಂದೇ ಬೆರಳು ತೆರೆಯೋದು, ಬರ್ಕೊಳ್ಳಿ ಅಂದೆ. ಆಯ್ತಾಯ್ತು ಅಂತ ಕೈ ಬೀಸಿದ್ಲು. ಏನೋ ಬರೆದು ಹೋದ್ಲು. ಬಾಗಿಲಲ್ಲೇ ನಿಂತು ಹೋದ್ಲಲ್ಲ, ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ. ಹೇಳಾಯ್ತಲ್ಲ ಅಂತ ಸಮಾಧಾನ ಪಟ್ಕೊಂಡೆ, ಇನ್ಯಾರಿಗೂ ಹೇಳಲಿಲ್ಲ. ಗಾಲಿ ಮಂಚ ತಳ್ಳುವಾಗ ಅವನು ಅರೆಗಣ್ಣಲ್ಲಿ ನನ್ನ ಕಡೆ ನೋಡಿದ. ಹೇಳಿದೀನಿ ಅಂತ ತಲೆ ಆಡಿಸಿದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲ ಸಂದಿಯಿಂದ ಟಿಂಕ್… ಟಿಂಕ್… ಮೊದಲು ಎತ್ತರದ ದನಿ. ಆಮೇಲೆ ತಗ್ಗಿತು… ಇನ್ನೂ ತಗ್ಗಿತು…

ಡಾಕ್ಟರು ಟೋಪಿ ತೆಗೆದು ಹೊರಗೆ ಬಂದ್ರು.

“ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ಉಳೀತಿದ್ರು.”

ಹೇಳಿದೆ ಅಂದೆ. ಯಾರಿಗೆ ಅಂತ ಕೇಳಿದ್ರು. ಶಾಲು ಹೊದ್ದಿದ್ದೋಳಿಗೆ ಅಂದೆ. ಅಂಥವರು ಇಲ್ಲಿ ಯಾರೂ ಇಲ್ವಲ್ಲಮ್ಮ ಅಂತ ನರ್ಸುಗಳು ಮುಖ ಮುಖ ನೋಡ್ಕೊಂಡ್ರು. ಹಾಳೆ ತಂದು ತೋರಿಸಿದ್ರು.

‘ಮೂರು ಬೆರಳು’ ಅಂತ ಇತ್ತು. ಕೈಬರಹ ನಮ್ಮ ಹುಡುಗನದು. ‘ಳು’ವಿನ ಬಾಲಾನ ಕೆಳಗಿನ ಗೆರೆವರೆಗೂ ಎಳೆಯೋನು ಅವನು. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದೋಳು ನಾನು, ನನಗೆ ಗೊತ್ತಾಗಲ್ವಾ? ನಂಬದಿದ್ರೆ ಬಿಡಿ, ನಿಮ್ಮನ್ನ ನಂಬಿಸಿ ನನಗೇನಾಗಬೇಕು. ಹಾಳೆ ಮುಟ್ಟಿದೆ. ಶಾಯಿ ಇನ್ನೂ ಹಸಿ ಇತ್ತು, ನನ್ನ ಬೆರಳಿಗೆ ಹತ್ತಿಕೊಂಡ್ತು.