ಕಥೆಯೊಳಗೆ ಬಾರದ ಮರುದಿನ

ರೋಣದ ಬಸ್ ನಿಲ್ದಾಣದಲ್ಲಿ ಗದಗಿನ ಬಸ್ಸಿಗೆ ಕಾಯುತ್ತಿದ್ದ ಅನ್ನಪೂರ್ಣಾ ಟೀಚರಿಗೆ, ಹಿಂದಿನ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ಮೊದಲ ಕಥೆ ಯಾವುದೋ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಅಕ್ಕ ಆಗಷ್ಟೇ ಓದಿ ಮುಗಿಸಿದ್ದಳು.

“ಗಂಡನ ಮನಿ ಬಿಟ್ಟು ಹೊಂಟಾಕಿ ಬಸ್‌ಸ್ಟ್ಯಾಂಡಿನಿಂದ ತಿರಿಗಿ ಹೋಗ್ತಾಳ. ಅಕಿ ನಾನ ಅಲ್ಲೇನೋ ಕಳಕೇಶ?”

“ಹೆಸರ ಬ್ಯಾರೆ ಇಟ್ಟೇನಲ್ಲಕ್ಕಾ. ಸಿಟ್ಟ ಬಂತೇನ?”

“ಬರದದ್ದಕ್ಕ ಸಿಟ್ಟಿಲ್ಲ. ಗಂಡಗ ಅಂಜಿ ತಿರಿಗಿ ಹೋದ್ಲು ಅಂತ ಬರದಿಯಲ್ಲ, ಅದಕ್ಕ ಸಿಟ್ಟು.”

“ಮತ್ತ್ಯಾಕ ಹೋಗಿದ್ದಿ?”

“ನನ್ನ ಸಾಲಿ ಸರ್ಟಿಫಿಕೇಟ ಅಲ್ಲೇ ಉಳದಿದ್ವು. ತಗೊಂಡು ಮರುದಿನಾನ ಹೊಂಟ್ ಬಂದ್ನಿ.”



“ಕಥಿ ಅಲ್ಲಿಗೇ ನಿಲ್ಲಿಸಿದ್ರ ಚಲೋ ಅನಿಸ್ತಕ್ಕಾ. ಓದಿದವರು ಭಾಳ ಮಂದಿ ಅತ್ತೀವಿ ಅಂದ್ರು.”

“ಅಳ್ಳಿ ಬಿಡು. ನಾ ಆ ಸರ್ಟಿಫಿಕೇಟ ಮ್ಯಾಲೆ ನರ್ಸಿಂಗ್ ಕಲತು, ಎಂಟ್ ವರ್ಷಾತು ದವಾಖಾನ್ಯಾಗ ಕೆಲಸ ಮಾಡಾಕತ್ತೀನಿ. ಅದನ್ಯಾರ ಬರೀಬೇಕು?”

ಅಷ್ಟರಲ್ಲಿ ನರಗುಂದದ ಬಸ್ಸು ಬಂತು. ಅಕ್ಕ ಚೀಲ ಹೆಗಲಿಗೇರಿಸಿ ಎದ್ದಳು. ತಮ್ಮ ಪತ್ರಿಕೆ ಮಡಚಿಕೊಂಡು ಹಿಂದೆಯೇ ಓಡಿದ.

“ಮರುದಿನ ಹ್ಯಾಂಗ ಹೊಂಟಿ ಅಕ್ಕಾ? ಅವರು ಬಿಟ್ರೇನ?”

“ಲಗೂ ಹತ್ತು. ಕುಂತು ಹೇಳ್ತೀನಿ.”

ಉಳಿದದ್ದನ್ನೂ ಕೇಳಬೇಕೆಂದು ಅನ್ನಪೂರ್ಣಾಗೆ ಬಹಳ ಅನಿಸಿತು. ಆದರೆ ಆಕೆ ಹೋಗಬೇಕಾದದ್ದು ಗದಗಿಗೆ.