ನಾನು ತಿದ್ದಿದ ಗೆರೆ

ಕುಮಾಸಿ ಊರಿನ ಹಿರಿಯರೇ, ಆಸ್ಪತ್ರೆಯ ಬಳಗದವರೇ, ಕ್ವಾಜೊ ಅವರ ಹೆಂಡತಿ ಸೆರ್ವಾ ಅಕ್ಕ, ಮಗಳು ಪೊಕುವಾ — ಅವರ ನೆನಪಿಗಾಗಿ ಸೇರಿದ ಎಲ್ಲರಿಗೂ ನಮಸ್ಕಾರ.

ಕ್ವಾಜೊ ತ್ವುಮಾಸಿಯವರ ಜೊತೆ ಹನ್ನೊಂದು ವರ್ಷ ಎಂ.ಆರ್.ಐ. ಕೋಣೆಯಲ್ಲಿ ಕೆಲಸ ಮಾಡಿದವಳು ನಾನು. ಹೃದಯದ ಚಿತ್ರ ತೆಗೆಯುವುದು ನಮ್ಮಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಒಬ್ಬ ರೋಗಿಗೆ ಒಂದೂವರೆ ಗಂಟೆ. ಅದಕ್ಕೇ ಕೃತಕ ಬುದ್ಧಿಮತ್ತೆಯ ಕಂಪ್ಯೂಟರ್ ಬೇಕೆಂದು ಹಟ ಹಿಡಿದವರೂ ಅವರೇ. "ನಾನು ರಜೆ ಹಾಕಿದ್ರೆ ರೋಗಿಗಳೂ ರಜೆ ಹಾಕ್ಬೇಕಾ?" ಅನ್ನುತ್ತಿದ್ದರು.

ಕಂಪ್ಯೂಟರ್ ಬಂತು. ಹೃದಯ ಎಲ್ಲಿದೆ, ಯಾವ ಕೋನದಲ್ಲಿ ಚಿತ್ರ ತೆಗೆಯಬೇಕು — ತಾನೇ ಹುಡುಕುತ್ತಿತ್ತು. ತಾನೇ ಹೃದಯದ ಗೋಡೆಗೆ ಗೆರೆ ಎಳೆದು ದಪ್ಪ ಅಳೆಯುತ್ತಿತ್ತು. ರೋಗಿಗಳಿಗೆ ಬಳಸುವ ಮೊದಲು ಅದನ್ನು ಪರೀಕ್ಷಿಸಲು ಸಿಬ್ಬಂದಿಯೇ ಯಂತ್ರದೊಳಗೆ ಮಲಗುವುದು ನಮ್ಮ ರೂಢಿ. ಆ ಚಿತ್ರಗಳಿಗೆ ಹೆಸರಿಲ್ಲ, ಬರೀ 'ಪರೀಕ್ಷೆ ಒಂದು', 'ಪರೀಕ್ಷೆ ಎರಡು'. ವೈದ್ಯರಿಗೆ ಕಳಿಸುವುದಿಲ್ಲ.

ಮೊದಲು ಮಲಗಿದವರು ಕ್ವಾಜೊ.

ಅವರ ಹೃದಯದ ಗೋಡೆ ದಪ್ಪಗಿದೆ, ವೈದ್ಯರು ನೋಡಬೇಕು ಎಂದು ಕಂಪ್ಯೂಟರ್ ಕೆಂಪಕ್ಷರದಲ್ಲಿ ಬರೆಯಿತು. ನಾನು — ನಾನು ನಕ್ಕೆ. "ಅಣ್ಣಾ, ನಿಮ್ಮ ಹೃದಯಕ್ಕೂ ಹೊಟ್ಟೆ ಬಂದಿದೆಯಂತೆ!" ಅಂದೆ. ಒಳಗಿಂದ ಅವರೂ ನಕ್ಕರು. "ಫುಫು ಮುದ್ದೆ ತಿಂದದ್ದು ಅದಕ್ಕೂ ಗೊತ್ತಾಯ್ತಾ? ಗೆರೆ ತಿದ್ದಿ ಅದಕ್ಕೆ ಕಲಿಸು, ಇನ್ನೂ ಮೂರು ಜನ ಕಾಯ್ತಿದ್ದಾರೆ."

ತಿದ್ದಿದೆ. ಈ ಕೈಯಲ್ಲೇ ಗೆರೆ ಒಳಗೆ ಸರಿಸಿದೆ. 'ಯಂತ್ರದ ತಪ್ಪು' ಎಂದು ಗುರುತು ಹಾಕಿದೆ. ಮೂರು ಮಹಡಿ ಹತ್ತಿ ಬರುವ ಮನುಷ್ಯನಿಗೆ ಏನಾಗುತ್ತದೆ ಅಂದುಕೊಂಡೆ.

ಏಳು ತಿಂಗಳ ನಂತರ ಅದೇ ಮೆಟ್ಟಿಲ ಮೇಲೆ ಕುಸಿದರು.

ಮಣ್ಣಾದ ಮೇಲೆ ಆ ಚಿತ್ರ ತೆಗೆದು ಹೃದಯದ ವೈದ್ಯರಿಗೆ ತೋರಿಸಿದೆ. "ಯಾರದಿದು? ಇವತ್ತೇ ಕರೆಸಿ," ಅಂದರು. ಯಂತ್ರ ಎಳೆದ ಗೆರೆ ಸರಿಯಾಗಿತ್ತು. ತಪ್ಪು ನನ್ನದು. ಈ ಪಶ್ಚಾತ್ತಾಪ ನನ್ನನ್ನು ಬಿಡುವುದಿಲ್ಲ, ಬಿಡಲೂಬಾರದು.

ಸೆರ್ವಾ ಅಕ್ಕನ ಕಾಲು ಹಿಡಿದು ಹೇಳಿದೆ. "ಅವರೂ ನಕ್ಕರಲ್ಲಮ್ಮ, ನೀನೊಬ್ಬಳೇ ಹೊರಬೇಡ. ಆದ್ರೆ ಎಲ್ಲರೆದುರು ಹೇಳು," ಅಂದರು. ಹೇಳಿದ್ದೇನೆ.

ಇನ್ನೊಂದು ಮಾತಿದೆ. ಇಂಥ ಹೃದಯ ತಂದೆಯಿಂದ ಮಕ್ಕಳಿಗೆ ಬರಬಹುದಂತೆ. ಇಂಥ ಹೃದಯಕ್ಕೆ ಓಟ ಅಪಾಯ; ಪೊಕುವಾ ಓಟಗಾರ್ತಿ. ಪರೀಕ್ಷೆಗೆ ಮೂರು ಸಲ ಕರೆದೆ, ಬರಲಿಲ್ಲ. ಮೂರನೆಯ ಸಲ ಕೇಳಿದಳು, "ಅಪ್ಪನ್ನ ನೋಡಿದ ಹಾಗೇ ನನ್ನೂ ನೋಡ್ತೀರಾ, ಆಂಟಿ?"

ಮಗಳೇ, ನನ್ನನ್ನು ಕ್ಷಮಿಸಬೇಡ. ಬೇಕಾದರೆ ನಾನು ಆ ಕೋಣೆಗೆ ಕಾಲೇ ಇಡುವುದಿಲ್ಲ, ಬೇರೆಯವರು ಮಾಡುತ್ತಾರೆ. ಕೋಪ ಇಟ್ಟುಕೊಂಡೇ ಬಾ. ಸೋಮವಾರ, ಬೆಳಿಗ್ಗೆ ಏಳಕ್ಕೆ. ಅಲ್ಲಿಯವರೆಗೆ — ಓಡಬೇಡ.

ಹಿರಿಯರೇ, ದಯಮಾಡಿ ಎದ್ದು ನಿಲ್ಲಿ. ಕ್ವಾಜೊ ಅವರಿಗಾಗಿ ಒಂದು ನಿಮಿಷ ಮೌನ. ಪೊಕುವಾ, ನೀನು ಕೂತಿರು ತಾಯಿ. ಕೂತೇ ಇರು.